ಕಮಲಾಪುರದಿಂದ ಬೀದರ್‌ಗೆ: ಮಣ್ಣೊಳಗಿನ ಬಹುಕಾಲಿಗಳ ಬೆನ್ನು ಹತ್ತಿ

ಆರಿದ್ರಾ ಮಳೆ ಚೆನ್ನಾಗಿ ಸುರಿದು ಬಿಸಿಲು ಬಿದ್ದ ಮೇಲೆ ನಾವು ಕಲಬುರಗಿಯಿಂದ ಬೀದರ್ ಕಡೆ ಹೊರಟೆವು. ಈ ಹೊತ್ತೇ ಬೇಕಿತ್ತು. ಮಣ್ಣು ತೇವವಾಗಿರಬೇಕು, ಆದರೆ ನೀರು ನಿಂತಿರಬಾರದು. ಬೇಸಿಗೆಯಲ್ಲಿ ಆಳಕ್ಕೆ ಇಳಿದ ಸಣ್ಣ ಜೀವಗಳು ಆಗ ಮೇಲಿನ ಒಂದು ಗೇಣು ಮಣ್ಣಿಗೆ ಬಂದಿರುತ್ತವೆ. ಜೊತೆಗಿದ್ದ ಗೆಳೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾನೆ. ನಾನು ಅವನ ಜೊತೆ ಸೇರಿದ್ದು, ಹುಟ್ಟಿದಾಗಿನಿಂದ ತುಳಿದ ಮಣ್ಣಿನೊಳಗೆ ಯಾರಿದ್ದಾರೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿದ್ದರಿಂದ.

ಜರಿ ಎಲ್ಲರಿಗೂ ಗೊತ್ತು. ಮುಟ್ಟಿದರೆ ಸುರುಳಿಯಾಗುವ ರೈಲು ಹುಳವೂ ಗೊತ್ತು. ಜರಿಗೆ ದೇಹದ ಒಂದೊಂದು ಭಾಗಕ್ಕೆ ಒಂದೊಂದು ಜೊತೆ ಕಾಲು, ಬಾಯಿಯ ಹತ್ತಿರ ವಿಷದ ಕೊಂಡಿ. ರೈಲು ಹುಳಕ್ಕೆ ಹೆಚ್ಚಿನ ಭಾಗಗಳಲ್ಲಿ ಎರಡೆರಡು ಜೊತೆ ಕಾಲು. ಅದು ಕೊಳೆತ ಎಲೆ ತಿಂದು ಬದುಕುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಈ ಎರಡೂ ಮಿರಿಯಾಪೋಡಾ ಎಂಬ ದೊಡ್ಡ ಬಳಗಕ್ಕೆ ಸೇರಿದವು. ಅದೇ ಬಳಗದಲ್ಲಿ ಇನ್ನೂ ಎರಡು ವರ್ಗಗಳಿವೆ, ಸಿಂಫೈಲಾ ಮತ್ತು ಪಾರೊಪೋಡಾ. ಇವಕ್ಕೆ ಬಣ್ಣವಿಲ್ಲ, ಕಣ್ಣಿಲ್ಲ, ಬೆಳಕಿಗೆ ಬರುವ ಅಭ್ಯಾಸವೂ ಇಲ್ಲ. ಹಾಗಾಗಿ ಕಂಡವರು ಕಡಿಮೆ. ಸಿಂಫೈಲಾ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಉದ್ದ. ಪಾರೊಪೋಡ್ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್, ಅಷ್ಟೇ. ರವೆಯ ಕಾಳಿಗೆ ಕಾಲು ಮೂಡಿದ ಹಾಗೆ. ಲೋಕದಲ್ಲಿ ರೈಲು ಹುಳದ ಸುಮಾರು 12,000 ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಸಿಂಫೈಲಾದಲ್ಲಿ ಹೆಸರು ಸಿಕ್ಕಿರುವುದು ಸುಮಾರು 200ಕ್ಕೆ ಮಾತ್ರ. ಇದಕ್ಕೆ ಒಂದು ಕಾರಣ, ಕೂತು ಹುಡುಕುವವರು ಕಡಿಮೆ ಇರುವುದು.

ಮೊದಲು ನಿಂತಿದ್ದು ದಾರಿಯಲ್ಲೇ ಇರುವ ಗೆಳೆಯನ ಕಾಕಾನ ಹೊಲದಲ್ಲಿ. ಅಪ್ಪಟ ಎರೆ ಭೂಮಿ. ತೊಗರಿ ಬಿತ್ತಿ ಮೊಳಕೆ ಎದ್ದಿತ್ತು. ಕಾಕಾ ಬದುವಿನ ಮೇಲೆ ನಮ್ಮ ಜೊತೆ ಕೂತು, ನಾವು ಬಿಳಿ ತಟ್ಟೆಯಲ್ಲಿ ಮಣ್ಣು ಪುಡಿ ಮಾಡುವುದನ್ನು ನೋಡುತ್ತಿದ್ದರು.

"ನಮಗ ಹುಳ ಅಂದ್ರ ಕಾಯಿ ಕೊರಿಯೋವು. ನೀವು ಹುಡುಕ್ಲಕತ್ತಿದ್ದು ಬೆಳಿಗಿ ಏನ್ ಮಾಡ್ತಾವ?"

"ಸಿಂಫೈಲಾದಾಗ ಕೆಲವು ಎಳೀ ಬೇರು ತಿಂತಾವ ಕಾಕಾ. ಉಳಿದವು ಕೊಳತಿದ್ದು ತಿಂದು ಮಣ್ಣ ಮಾಡ್ತಾವ. ಪಾರೊಪೋಡಿಗಿ ಬೂಷ್ಟ ಸಿಕ್ರ ಸಾಕು."

ಹೊಲದ ನಡುವಿನ ಮಣ್ಣಿನಲ್ಲಿ ನಮಗೆ ಹೆಚ್ಚೇನೂ ಸಿಗಲಿಲ್ಲ. ಯಾಕೆ ಅನ್ನುವುದನ್ನು ಕಾಕಾನೇ ತೋರಿಸಿದರು. "ಬ್ಯಾಸಗಿಯಾಗ ಇಲ್ಲಿ ಕೈ ಹೋಗೋವಷ್ಟು ಬಿರಕು ಬಿಡ್ತದ. ಈಗ ನೋಡ್ರಿ, ಸೂಜಿ ಹೋಗಲ್ಲ." ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಸಣ್ಣ ಹುಳಗಳಿಗೆ ಎರೆಹುಳದ ಹಾಗೆ ಮಣ್ಣು ಕೊರೆಯುವ ಶಕ್ತಿ ಇಲ್ಲ. ಬೇರು ಕೊಳೆತು ಉಳಿದ ಕೊಳವೆ, ಎರೆಹುಳ ಮಾಡಿಟ್ಟ ದಾರಿ, ಹೆಂಟೆಗಳ ನಡುವಿನ ಸಂದು, ಇವೇ ಅವುಗಳ ಬೀದಿ. ಮಣ್ಣು ಉಬ್ಬಿ ಬೀದಿ ಮುಚ್ಚಿಕೊಂಡರೆ ಓಡಾಟಕ್ಕೆ ಜಾಗವೇ ಇಲ್ಲ. ಬದುವಿನ ಬೇವಿನ ಮರದ ಕೆಳಗೆ, ಎಲೆ ಕೊಳೆತು ಮಣ್ಣು ಸಡಿಲವಾದಲ್ಲಿ, ಬೇರೆಯೇ ಲೋಕ. ಜಿಗಿಬಾಲದ ಹುಳಗಳು, ನುಸಿಗಳು, ಹಳದಿ ಬಣ್ಣದ ತೆಳ್ಳನೆಯ ಮಣ್ಣುಜರಿ. ಎರೆ ಭೂಮಿ ಬಡವ ಅಂತ ನಾನು ಹೇಳುತ್ತಿಲ್ಲ. ಅದರ ಜೀವ ಬದುವಿನಲ್ಲಿ, ಮರದ ಬುಡದಲ್ಲಿ ಜಾಸ್ತಿ ಸೇರಿಕೊಂಡಿರುತ್ತದೆ ಅನ್ನುವುದು ನಾನು ಕಂಡದ್ದು.

ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಊಟ ಮಾಡಿಸಿಯೇ ಕಾಕಾ ನಮ್ಮನ್ನು ಕಳಿಸಿದರು.

ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್, ಹುಮನಾಬಾದ್ ರಸ್ತೆಯಲ್ಲಿ. ಅಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸುತ್ತಲೂ ಎರೆ ಹೊಲಗಳನ್ನು ದಾಟಿ ಬಂದವರಿಗೆ ಇಲ್ಲಿನ ಕೆಂಪು ಮಣ್ಣು, ನೆರಳು, ತಂಪು ಕಣ್ಣಿಗೆ ಹಿತ. ತೋಟದವರನ್ನು ಕೇಳಿ, ತಿಪ್ಪೆ ಗೊಬ್ಬರ ಹಾಕಿದ ಬಾಳೆಯ ಬುಡದಲ್ಲಿ ಕೂತೆವು. ಒದ್ದೆ ಹೆಂಟೆ ಒಡೆದ ತಕ್ಷಣ ಬಿಳಿಯ ಹುಳವೊಂದು ತಟ್ಟೆಯ ಅಂಚಿನತ್ತ ಓಡಿತು. ಗೆಳೆಯ ತುದಿ ಒದ್ದೆ ಮಾಡಿದ ಕುಂಚದಿಂದ ಅದನ್ನು ಮೆಲ್ಲಗೆ ಎತ್ತಿದ. ಚಿಮುಟ ಮುಟ್ಟಿಸಿದರೆ ಈ ಮೆತ್ತನೆಯ ದೇಹ ಹರಿದುಹೋಗುತ್ತದೆ.

ಸಿಂಫೈಲಾ! ಮೊದಲ ನೋಟಕ್ಕೆ ಬಿಳಿ ಜರಿಮರಿ ಅನ್ನಿಸುತ್ತದೆ. ಕೈಮಸೂರ ಹಿಡಿದು ನೋಡಿದರೆ ಗುರುತುಗಳು ಒಂದೊಂದಾಗಿ ಕಾಣುತ್ತವೆ. ಮಣಿಗಳನ್ನು ಪೋಣಿಸಿದಂಥ ಉದ್ದ ಮೀಸೆಗಳು, ಅವು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬೆಳೆದ ಹುಳಕ್ಕೆ 12 ಜೊತೆ ಕಾಲು. ಜರಿಗಾದರೆ ಕಾಲಿನ ಜೊತೆಗಳ ಸಂಖ್ಯೆ ಯಾವಾಗಲೂ ಬೆಸ. ಬಾಲದ ತುದಿಯಲ್ಲಿ ಎರಡು ಮೊನೆಗಳು, ಅವುಗಳಿಂದ ನೂಲು ಬರುತ್ತದೆ. ಬೆನ್ನಿನ ಫಲಕಗಳನ್ನು ಎಣಿಸಿದರೆ ಕಾಲಿನ ಜೊತೆಗಳಿಗಿಂತ ಜಾಸ್ತಿ. ಬೆನ್ನು ಹೀಗೆ ಹೆಚ್ಚು ತುಂಡುಗಳಾಗಿರುವುದರಿಂದ ಇಕ್ಕಟ್ಟಿನ ಸಂದಿನಲ್ಲೂ ಅದು ಸಲೀಸಾಗಿ ತಿರುಗುತ್ತದೆ. ಕಣ್ಣೆದುರಿಗೇ ತಿರುಗಿತು ಕೂಡ.

ಇವುಗಳ ಸಂಸಾರದ ರೀತಿ ಕೇಳಿದಾಗ ನಾನು ಗೆಳೆಯನಿಂದ ಮತ್ತೆ ಹೇಳಿಸಿಕೊಂಡೆ. ಸ್ಕುಟಿಗೆರೆಲ್ಲಾ ಎಂಬ ಕುಲದಲ್ಲಿ ಗಂಡು ಒಂದು ಸಣ್ಣ ಕಡ್ಡಿಯ ತುದಿಯಲ್ಲಿ ವೀರ್ಯದ ಹನಿ ಇಟ್ಟು ಹೋಗುತ್ತದೆ. ಹೆಣ್ಣು ಅದನ್ನು ಬಾಯಿಂದ ಕಚ್ಚಿ ಕೆನ್ನೆಯ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಮೊಟ್ಟೆ ಹೊರಬಂದ ಮೇಲೆ ಒಂದೊಂದನ್ನೂ ಬಾಯಿಂದಲೇ ಎತ್ತಿ, ಆ ವೀರ್ಯವನ್ನು ಸವರಿ ಮಣ್ಣಿನ ಗೋಡೆಗೆ ಅಂಟಿಸುತ್ತದೆ. ನಮ್ಮ ಕಾಲ ಕೆಳಗೆ, ಕತ್ತಲಲ್ಲಿ, ಇಷ್ಟು ಜತನದ ಕೆಲಸ ನಡೆಯುತ್ತಿದೆ. ಬಾಳೆಗೆ ನೀರು ಹಾಯಿಸುವ ತೋಟದ ಅಣ್ಣನೂ ಕೂತು ನೋಡಿದರು. "ಬೇರು ತಿನ್ನೋದು ಇದೇ ಏನ್ರಿ?" ಅಂದರು. ತಿನ್ನಬಹುದು, ಆದರೆ ಇಷ್ಟು ಕೊಳೆತ ಗೊಬ್ಬರ ಇರುವಾಗ ಅದಕ್ಕೆ ಬೇರೆ ಊಟವೂ ಇದೆ ಅಂದೆವು. ಹುಳ ಕಂಡ ಕೂಡಲೇ ಔಷಧಿ ಸುರಿಯುವ ಜಾತಿ ಇದಲ್ಲ.

ಹುಮನಾಬಾದ್ ದಾಟಿ ಬೀದರ್ ಸೇರುವಾಗ ಸಂಜೆ. ಬೀದರ್ ಊರು ಕೂತಿರುವುದೇ ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಲ್ಯಾಟರೈಟ್ ಅನ್ನುತ್ತಾರಲ್ಲ, ಅದೇ ತೂತುತೂತಾದ ಕೆಂಪು ಕಲ್ಲು. ಮಳೆನೀರು ಇದರೊಳಗೆ ಸರಾಗವಾಗಿ ಇಳಿಯುತ್ತದೆ. ಕೆಳಗೆ ಕಪ್ಪುಕಲ್ಲು ಕರಗಿ ಆದ ಜೇಡಿಯ ಪದರ ಸಿಕ್ಕಾಗ ಮುಂದೆ ಇಳಿಯಲಾಗದೆ ಪಕ್ಕಕ್ಕೆ ಹರಿದು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನೌಬಾದ್ ಹತ್ತಿರ ಬಹಮನಿ ಕಾಲದವರು ಪರ್ಷಿಯಾದ ಕ್ರಮದಲ್ಲಿ ತೋಡಿದ ಕರೇಜ್, ಜನ ಸುರಂಗ ಬಾವಿ ಅನ್ನುವುದು, ಈ ನೀರನ್ನೇ ಹಿಡಿದು ನೆಲದೊಳಗೆ ಹರಿಸಿತು. ಅದರ ಗಾಳಿಬಾವಿಯ ಬಾಯಿಯಲ್ಲಿ ನಿಂತು ಕೆಳಗೆ ನೋಡಿದಾಗ ಗೆಳೆಯ ಆಸ್ಟ್ರೇಲಿಯಾದ ಒಂದು ಸುದ್ದಿ ಹೇಳಿದ. ಅಲ್ಲಿ ಖನಿಜ ಹುಡುಕಲು ಕೊರೆದ ರಂಧ್ರದಲ್ಲಿ, 60 ಮೀಟರ್ ಆಳದಲ್ಲಿ, 1306 ಕಾಲಿನ ರೈಲು ಹುಳ ಸಿಕ್ಕಿತು. ದಾರದಷ್ಟು ತೆಳ್ಳಗೆ, ಕಣ್ಣಿಲ್ಲ. 2021ರಲ್ಲಿ ಅದನ್ನು ಹೊಸ ಜಾತಿ ಅಂತ ವಿವರಿಸಿದರು. ನೆಲದೊಳಗಿನ ಲೋಕ ನಾವು ಅಂದುಕೊಂಡದ್ದಕ್ಕಿಂತ ಆಳ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೋಟೆಯನ್ನು ನಾವು ನೋಡಿದೆವು, ಆದರೆ ಅಲ್ಲಿ ಒಂದು ಚಿಟಿಕೆ ಮಣ್ಣನ್ನೂ ಕೆದಕಲಿಲ್ಲ. ಅದು ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಮುಟ್ಟಬಾರದು. ಜಂಬಿಟ್ಟಿಗೆ ಕಲ್ಲನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ನೋಡುತ್ತ ಬಹಳ ಹೊತ್ತು ನಿಂತೆ. ಈ ಊರಿನವರಿಗೆ ಮಣ್ಣಿನ ಗುಣ ಹೊಸದಲ್ಲ. ಬಿದ್ರಿ ಸಾಮಾನು ಮಾಡುವವರು ಸತುವು ಮತ್ತು ತಾಮ್ರದ ಎರಕಕ್ಕೆ ಕಪ್ಪು ಬಣ್ಣ ಬರಿಸುವುದು ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ. ಒಳ್ಳೆಯ ಮಣ್ಣು ಯಾವುದು ಅಂತ ನಾಲಿಗೆಗೆ ಇಟ್ಟು ನೋಡುತ್ತಾರೆ. ಮಣ್ಣನ್ನು ಇಷ್ಟು ಹತ್ತಿರದಿಂದ ಬಲ್ಲವರ ಬಗ್ಗೆ ನನಗೆ ತುಂಬಾ ಗೌರವ.

ಮಣ್ಣು ತಂದದ್ದು ಊರ ಹೊರಗಿನ, ಪರಿಚಯದವರ ಮಾವಿನ ತೋಪಿನಿಂದ. ಕೊಳೆತ ಎಲೆ, ಅದರ ಕೆಳಗಿನ ಕರಿ ಪುಡಿ, ಅದರ ಕೆಳಗಿನ ಕೆಂಪು ಮಣ್ಣು, ಮೂರನ್ನೂ ಬೇರೆ ಬೇರೆ ಚೀಲದಲ್ಲಿ ತುಂಬಿದೆವು. ಲಾಡ್ಜಿನ ಮೇಜಿನ ಮೇಲೆ ಗೆಳೆಯ ಆಲಿಕೆ ಹೂಡಿದ. ಇಟಲಿಯ ಆಂಟೋನಿಯೋ ಬರ್ಲೇಸೆ 1905ರಲ್ಲಿ ತೋರಿಸಿದ ಉಪಾಯ ಇದು. ಆಲಿಕೆಯೊಳಗೆ ಜಾಳಿಗೆ, ಅದರ ಮೇಲೆ ಮಣ್ಣು, ಕೆಳಗೆ ಸ್ಪಿರಿಟ್ ಇರುವ ಸಣ್ಣ ಶೀಶೆ. ಬಿಸಿಗಾಗಿ ಮೇಲೆ ವಿದ್ಯುತ್ ಬಲ್ಬ್ ಹಚ್ಚುವುದನ್ನು ಆಮೇಲೆ ಸ್ವೀಡನ್‌ನ ಟುಲ್‌ಗ್ರೆನ್ ತಂದರು. ಮಣ್ಣು ಮೇಲಿನಿಂದ ಒಣಗುತ್ತ ಬಂದಂತೆ ಹುಳಗಳು ತೇವ ಹುಡುಕಿ ಕೆಳಗಿಳಿಯುತ್ತವೆ, ಕೊನೆಗೆ ಶೀಶೆಗೆ ಬೀಳುತ್ತವೆ. ಅವಸರಕ್ಕೆ ದೊಡ್ಡ ಬಲ್ಬ್ ಹಾಕಿದರೆ ಮೆತ್ತನೆಯ ಹುಳಗಳು ದಾರಿಯಲ್ಲೇ ಒಣಗಿ ಸಾಯುತ್ತವೆ. ಆದ್ದರಿಂದ ಸಣ್ಣ ಬಲ್ಬ್ ಹಚ್ಚಿ, ತಾಳ್ಮೆಯಿಂದ ಕಾದೆವು.

ಕಾಯುವಾಗ ತೋಪಿಗೆ ಮತ್ತೆ ಹೋಗಿದ್ದು ಒಳ್ಳೆಯದಾಯಿತು. ಮಾವಿನ ತೊಗಟೆಯ ಸಿಪ್ಪೆ ಎದ್ದಲ್ಲಿ, ಒಣಗಿದ ಜಾಗದಲ್ಲೇ, ಎರಡು ಮೂರು ಮಿಲಿಮೀಟರಿನ ಪಾಲಿಕ್ಸೆನಿಡಾಗಳು ಕಂಡವು. ಇವೂ ರೈಲು ಹುಳದ ವರ್ಗದವೇ, ಆದರೆ ಸುಣ್ಣದ ಗಟ್ಟಿ ಚಿಪ್ಪಿಲ್ಲ. ಬದಲಿಗೆ ಮೈತುಂಬ ರೋಮದ ಕುಚ್ಚು, ಬಾಲದಲ್ಲಿ ದೊಡ್ಡ ಕುಚ್ಚು. ಇವುಗಳ ಒಂದು ಜಾತಿಯಲ್ಲಿ, ಇರುವೆ ಹಿಡಿಯಲು ಬಂದರೆ ಬಾಲದ ರೋಮಗಳು ಕಳಚಿ ಇರುವೆಯ ಬಾಯಿಗೂ ಕಾಲಿಗೂ ಸಿಕ್ಕಿಕೊಳ್ಳುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಇರುವೆ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಗೋಜಲು ಹೆಚ್ಚುತ್ತದೆ.

ನಾವು ಬಯಸಿದ ಪಾರೊಪೋಡ್ ಆಲಿಕೆಗಿಂತ ಮೊದಲು ತೋಪಿನಲ್ಲೇ ಜೀವಂತ ಸಿಕ್ಕಿತು. ಮಣ್ಣಿನಲ್ಲಿ ಅರ್ಧ ಹೂತಿದ್ದ ಜಂಬಿಟ್ಟಿಗೆ ಕಲ್ಲನ್ನು ಮಗುಚಿದಾಗ, ಅದರ ತೂತುಗಳ ನಡುವೆ ಬಿಳಿ ಚುಕ್ಕೆಯೊಂದು ಓಡಿತು, ಗಕ್ಕನೆ ನಿಂತಿತು, ದಿಕ್ಕು ಬದಲಿಸಿ ಮತ್ತೆ ಓಡಿತು. "ಅದೇ ಅದ, ಅದೇ ಅದ!" ಅಂತ ಗೆಳೆಯ ಪಿಸುಗುಟ್ಟಿದ. ಮಸೂರದಲ್ಲಿ ನಾನು ಮೊದಲು ನೋಡಿದ್ದು ಮೀಸೆ. ಕವಲೊಡೆದ ಮೀಸೆ ಮಿರಿಯಾಪೋಡಾದಲ್ಲಿ ಬೇರೆ ಯಾವ ವರ್ಗಕ್ಕೂ ಇಲ್ಲ. ಆಮೇಲೆ ಎರಡೂ ಪಕ್ಕಕ್ಕೆ ಚಾಚಿದ ಐದೈದು ಉದ್ದ ರೋಮಗಳು. ಕಣ್ಣಿಲ್ಲದ ಜೀವಕ್ಕೆ ಗಾಳಿಯ ಅಲುಗಾಟ ತಿಳಿಸುವುದು ಇವೇ. ಕಲ್ಲನ್ನು ಇದ್ದಂತೆ ಮತ್ತೆ ಮುಚ್ಚಿದೆವು.

ಇಂಗ್ಲೆಂಡಿನ ಜಾನ್ ಲಬಕ್ 1866ರಲ್ಲಿ ತಮ್ಮ ತೋಟದಲ್ಲಿ ಇಂಥದ್ದನ್ನು ಕಂಡಾಗ ಅದನ್ನು ಎಲ್ಲಿ ಸೇರಿಸುವುದು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅವರು ಅದಕ್ಕೆ ತಮ್ಮ ಗೆಳೆಯ, ಜೀವಶಾಸ್ತ್ರಜ್ಞ ಹಕ್ಸ್‌ಲಿಯ ಹೆಸರು ಸೇರಿಸಿ ಪಾರೊಪಸ್ ಹಕ್ಸ್‌ಲಿಯೈ ಅಂತ ಕರೆದರು. ಗೊಂದಲ ಸಹಜವೇ. ಮೊಟ್ಟೆಯಿಂದ ಬಂದ ಮರಿಗೆ ಕೀಟದ ಹಾಗೆ ಮೂರೇ ಜೊತೆ ಕಾಲು. ಪೊರೆ ಕಳಚಿದಂತೆ ಅದು ಐದು, ಆರು, ಎಂಟು ಆಗಿ, ಸಾಮಾನ್ಯವಾಗಿ ಒಂಬತ್ತಕ್ಕೆ ನಿಲ್ಲುತ್ತದೆ. ಹಾಗಾಗಿ ಕಾಲು ಎಣಿಸಿದ ಮಾತ್ರಕ್ಕೆ ಗುರುತು ಸಿಗುವುದಿಲ್ಲ, ಯಾವ ವಯಸ್ಸಿನದು ಅನ್ನುವುದೂ ತಿಳಿದಿರಬೇಕು.

ಕಲಬುರಗಿಗೆ ಮರಳಿದ ಮೇಲೆ ಕಾಲೇಜಿನ ಸೂಕ್ಷ್ಮದರ್ಶಕದ ಮುಂದೆ ಕೂತೆವು. ಲ್ಯಾಕ್ಟಿಕ್ ಆಮ್ಲದಲ್ಲಿ ಇಟ್ಟು ದೇಹವನ್ನು ಪಾರದರ್ಶಕ ಮಾಡಿ, ಗಾಜಿನ ಮೇಲೆ ಕೂರಿಸಬೇಕು. ಮೀಸೆಯ ದಂಟಿನಲ್ಲಿ ನಾಲ್ಕು ಗೆಣ್ಣು, ಬೆನ್ನಿನ ಮೇಲೆ ಆರು ಫಲಕ. ಅಂದರೆ ಟೆಟ್ರಾಮೆರೊಸೆರಾಟಾ ಗಣ. ಇನ್ನೊಂದು ಗಣವಾದ ಹೆಕ್ಸಾಮೆರೊಸೆರಾಟಾಕ್ಕೆ ಆರು ಗೆಣ್ಣು, ಹನ್ನೆರಡು ಫಲಕ, ಹನ್ನೊಂದು ಜೊತೆ ಕಾಲು. ಇಲ್ಲಿಯವರೆಗೆ ದಾರಿ ಸಲೀಸು. ಇಲ್ಲಿಂದ ಮುಂದೆ, ಜಾತಿಯ ತನಕ ಹೋಗಬೇಕಾದರೆ, ದೇಹದ ಕೊನೆಯ ಭಾಗದಲ್ಲಿರುವ ಗುದಫಲಕದ ಆಕಾರ, ಅದರ ಅಕ್ಕಪಕ್ಕದ ರೋಮಗಳ ಉದ್ದ, ಇವನ್ನೆಲ್ಲ ಅಳೆದು ಚಿತ್ರ ಬರೆಯಬೇಕು. ಸ್ವೀಡನ್‌ನ ಉಲ್ಫ್ ಶೆಲ್ಲರ್ ಈ ಕೆಲಸಕ್ಕೇ ದಶಕಗಳನ್ನು ಕೊಟ್ಟರು. ಹಲವು ದೇಶಗಳ ಮಣ್ಣಿನಿಂದ ಅವರು ಹೊಸ ಜಾತಿಗಳನ್ನು ಹೆಸರಿಸಿದರು. ಅಂಥ ಕೆಲಸಕ್ಕೆ ಕಲ್ಯಾಣ ಕರ್ನಾಟಕದ ಕಾಲೇಜು ಹುಡುಗರು, ಹುಡುಗಿಯರು ಇಳಿಯಬೇಕು ಅನ್ನುವುದು ನನ್ನ ಆಸೆ. ಆಲಿಕೆಗೆ ನೀರಿನ ಬಾಟಲಿ ಕತ್ತರಿಸಿದರೂ ಆಗುತ್ತದೆ. ಜಾಸ್ತಿ ಬೇಕಾಗುವುದು ಸಮಯ.

ಪ್ರತಿ ಶೀಶೆಯೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿದ್ದೇವೆ, ಶಾಯಿಯಾದರೆ ಸ್ಪಿರಿಟ್‌ನಲ್ಲಿ ಕರಗುತ್ತದೆ. ಊರು, ಮಣ್ಣಿನ ಬಗೆ, ಆಳ, ಮರ, ತಾರೀಖು. ಈ ಚೀಟಿ ಇಲ್ಲದಿದ್ದರೆ ಹುಳ ಎಷ್ಟೇ ಅಪರೂಪದ್ದಾದರೂ ಓದುವವರಿಗೆ ಉಪಯೋಗವಿಲ್ಲ.

ಉತ್ತರಿ ಮಳೆಗೆ ಯಾದಗಿರಿ ಜಿಲ್ಲೆಯ ಹುಣಸಗಿ ಕಡೆ ಹೋಗುವುದು ಅಂತ ಆಗಿದೆ. ಅಲ್ಲಿನ ಇಸಾಂಪುರದಲ್ಲಿ ಹಳೆ ಶಿಲಾಯುಗದವರು ಕಲ್ಲಿನ ಕೈಗೊಡಲಿ ಮಾಡುತ್ತಿದ್ದ ಜಾಗ ಇದೆ, ಸುಮಾರು 12 ಲಕ್ಷ ವರ್ಷ ಹಿಂದಿನದು. ಶಿಲಾಯುಗವನ್ನು ಹಳೆಯದು, ಹೊಸದು ಅಂತ ಮೊದಲು ಬೇರೆ ಮಾಡಿ ಹೆಸರಿಟ್ಟವರೂ ಅದೇ ಜಾನ್ ಲಬಕ್, 1865ರಲ್ಲಿ. ಅದಾದ ಮರುವರ್ಷವೇ ಅವರಿಗೆ ಪಾರೊಪೋಡ್ ಸಿಕ್ಕಿದ್ದು. ಇಸಾಂಪುರದ ಆ ತಾಣವನ್ನು ನಾವು ದೂರದಿಂದಲೇ ನೋಡುತ್ತೇವೆ. ಮಣ್ಣು ತೆಗೆಯಲು ಹತ್ತಿರದ ಹಳ್ಳಿಯಲ್ಲಿ ಗೆಳೆಯನ ಮಾವನವರು ತಮ್ಮ ಹುಣಸೆ ಮರದ ಬುಡವನ್ನು ಈ ಸಲ ಗುಡಿಸದೆ ಬಿಟ್ಟಿದ್ದಾರೆ.