ಗಾಜನೂರಿನಲ್ಲಿ ಎರಡು ಸಲ

ಆವತ್ತು ನನಗೆ ಕೊಟ್ಟಿದ್ದ ಕೆಲಸ ಇಷ್ಟೇ. ಈಜುಕೊಳದ ಆಚೆ ತುದಿಯಲ್ಲಿ ಮೊಣಕಾಲೂರಿ ಕೂರಬೇಕು. ಅಕ್ಕ ಆ ತುದಿಗೆ ಬಂದು ತಿರುಗುವಾಗಲೆಲ್ಲ ನಂಬರ್ ಬರೆದ ಕಾರ್ಡನ್ನು ನೀರಿನ ಹತ್ತಿರ ಹಿಡಿಯಬೇಕು. ಒಟ್ಟು 16 ಕಾರ್ಡು. 31ರಿಂದ ಶುರು, ಎರಡೆರಡೇ ಕಮ್ಮಿಯಾಗಿ 1ಕ್ಕೆ ಮುಗಿಯುತ್ತದೆ. ಒಂದನೇ ಕ್ಲಾಸಿನ ಮಗುವೂ ಮಾಡಬಹುದಾದ ಕೆಲಸ ಅಲ್ವಾ? ಅದನ್ನೂ ನಾನು ಕೆಡಿಸಿದೆ.

ಅದು ಹುಡುಗಿಯರ 800 ಮೀಟರ್ ಫ್ರೀಸ್ಟೈಲ್. ಕೊಳ 25 ಮೀಟರಿನದು, ಹಾಗಾಗಿ ಈ ತುದಿಯಿಂದ ಆ ತುದಿಗೆ 32 ಸಲ ಈಜಬೇಕು. ನೀರಲ್ಲಿ ತಲೆ ಹಾಕಿಕೊಂಡು ಹತ್ತು ಹನ್ನೆರಡು ನಿಮಿಷ ಈಜುವವರಿಗೆ ಲೆಕ್ಕ ತಪ್ಪುವುದು ಸಹಜ. ಅದಕ್ಕೇ ಇನ್ನೆಷ್ಟು ಬಾಕಿ ಅಂತ ತೋರಿಸಲು ಒಬ್ಬರು ಬೇಕು. ನಿಯಮದ ಪ್ರಕಾರ ಇದು ತೀರ್ಪುಗಾರರ ಕೆಲಸ. ಅಂತರ ಕಾಲೇಜು ಸ್ಪರ್ಧೆಗೆ ಅಷ್ಟೊಂದು ತೀರ್ಪುಗಾರರು ಎಲ್ಲಿಂದ ಬರಬೇಕು? ನಿಮ್ಮ ನಿಮ್ಮ ಕಾಲೇಜಿನವರನ್ನೇ ಕೂರಿಸಿಕೊಳ್ಳಿ ಅಂದರು. ನಾನು ಕೂತೆ.

ಅಕ್ಕ ಅಂದರೆ ಸ್ವಂತ ಅಕ್ಕ ಅಲ್ಲ. ನಮ್ಮ ಕಾಲೇಜಿನಲ್ಲಿ ಕೊನೇ ವರ್ಷದ ಬಿಕಾಂ, ನನಗಿಂತ ಎರಡು ವರ್ಷ ದೊಡ್ಡವಳು. ಊರು ತೀರ್ಥಹಳ್ಳಿ ಕಡೆ, ತುಂಗೆಗೆ ಸೇರುವ ಒಂದು ಹಳ್ಳದ ಪಕ್ಕ ಅಡಿಕೆ ತೋಟ. ನಮ್ಮ ಪಿಡಿ ಸರ್, ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರು, ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಏ ತೀರ್ಥಹಳ್ಳಿ, ಮೊಣಕೈ ಮೇಲೆ!" ಅಷ್ಟೇ. ಮೊದಲ ಒಂದು ತಿಂಗಳು ನಾನು ಅವಳನ್ನು ನೀವು ಅನ್ನುತ್ತಿದ್ದೆ. ಒಂದಿನ ಟವೆಲ್ ಮರೆತು ಬಂದು ಅವಳ ಒದ್ದೆ ಟವೆಲ್ಲಿನಲ್ಲೇ ತಲೆ ಒರೆಸಿಕೊಂಡೆ. ಆಮೇಲೆ ನೀನು ಆಯಿತು.

ಅಕ್ಕ ಈಜು ಕಲಿತದ್ದು ತೋಟದ ಕೆರೆಯಲ್ಲಿ. ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಜೋಡಿಸಿ, ಹಗ್ಗದಲ್ಲಿ ಬೆನ್ನಿಗೆ ಕಟ್ಟಿ ಅವಳ ಅಣ್ಣ ನೀರಿಗೆ ದೂಡಿದ್ದನಂತೆ. "ಒಂದು ಕಾಯಿ ಬಿಚ್ಚಿದ್ದು ಗೊತ್ತೇ ಆಗ್ಲಿಲ್ಲ. ಎರಡನೇದು ಬಿಚ್ಚಿದ್ದು ಗೊತ್ತಾಗೋ ಹೊತ್ತಿಗೆ ಆ ದಡದಲ್ಲಿದ್ದೆ" ಅನ್ನುತ್ತಾಳೆ. ಈಜುಕೊಳ, ಗಾಗಲ್ಸ್, ಟೋಪಿ ಇದನ್ನೆಲ್ಲ ಕಂಡದ್ದು ಡಿಗ್ರಿಗೆ ಶಿವಮೊಗ್ಗಕ್ಕೆ ಬಂದಮೇಲೆ, 18ನೇ ವಯಸ್ಸಿಗೆ. ಬೆಂಗಳೂರಿನ ಧಿನಿಧಿ ದೇಸಿಂಗು 14ಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಈಜಿ ಬಂದ ಕಾಲ ಇದು. ಅದು 2024ರಲ್ಲಿ. ಈ ಲೆಕ್ಕ ಹಿಡಿದರೆ ಅಕ್ಕ ಶುರು ಮಾಡುವ ಮೊದಲೇ ತಡವಾಗಿತ್ತು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಐದೂವರೆಗೆ ಬರುತ್ತಿದ್ದಳು, ಅದೇ ನನಗೆ ಅರ್ಥವಾಗದ ವಿಷಯ.

ಹೊಳೆಯಲ್ಲಿ ಈಜಿದವರಿಗೆ ಒಂದು ಅಭ್ಯಾಸ ಇರುತ್ತದೆ, ತಲೆ ಮೇಲೆತ್ತಿ ಈಜುವುದು. ಎದುರಿಗೆ ತೇಲಿಬರುವ ದಿಮ್ಮಿ ಕಾಣಬೇಕು, ಹಾವು ಕಾಣಬೇಕು, ದಡ ಎಲ್ಲಿದೆ ಅಂತ ಗೊತ್ತಾಗಬೇಕು. ಹೊಳೆಯಲ್ಲಿ ಅದು ಬುದ್ಧಿವಂತಿಕೆ. ಕೊಳದಲ್ಲಿ ಅದೇ ತಪ್ಪು. ತಲೆ ಎತ್ತಿದರೆ ಸೊಂಟ ಕೆಳಗಿಳಿಯುತ್ತದೆ, ಕಾಲು ಮುಳುಗುತ್ತದೆ, ಮೈಯೆಲ್ಲ ನೀರನ್ನು ದಬ್ಬಿಕೊಂಡು ಹೋದ ಹಾಗೆ. ಅಕ್ಕನ ತಲೆಯನ್ನು ನೀರಿನೊಳಗೆ ಇಳಿಸಲು ಸರ್‌ಗೆ ಪೂರ್ತಿ ಒಂದು ವರ್ಷ ಬೇಕಾಯಿತಂತೆ. "ಕೊಳದಲ್ಲಿ ಎಂತ ಹಾವು ಬರ್ತದೆ ಅಂತ ನೋಡ್ತೀಯೆ?" ಅಂತ ದಿನಾ ಕೂಗುತ್ತಿದ್ದರಂತೆ.

ಮೊದಲ ವರ್ಷ ಅವಳ 800 ಮೀಟರ್ ಟೈಮಿಂಗು 13 ನಿಮಿಷ 40 ಸೆಕೆಂಡು. ಎರಡನೇ ವರ್ಷ 12:50. ಕೊನೇ ವರ್ಷದ ಹೊತ್ತಿಗೆ 12:09ಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು. 12 ನಿಮಿಷದ ಒಳಗೆ ಒಂದು ಸಲ, ಒಂದೇ ಒಂದು ಸಲ ಬರಬೇಕು ಅನ್ನುವುದು ಅವಳ ಆಸೆ. ಮೆಡಲ್ ವಿಷಯ ಮಾತಾಡಿದ್ದೇ ಇಲ್ಲ. ಸರ್ ಲೆಕ್ಕ ಸುಲಭ ಮಾಡಿ ಕೊಟ್ಟಿದ್ದರು: ಐವತ್ತು ಮೀಟರಿಗೆ ನಲವತ್ತೈದು ಸೆಕೆಂಡು, ಹೀಗೆ ಹದಿನಾರು ಸಲ. ಹೇಳಲು ಸುಲಭ. ನಾನು ಮೊದಲ ಐವತ್ತನ್ನು ಅಷ್ಟರಲ್ಲಿ ಮುಗಿಸಿ ಕಟ್ಟೆ ಹಿಡಿದುಕೊಂಡು ಏದುಸಿರು ಬಿಡುವವಳು.

ಜುಲೈ ಮಳೆಯಲ್ಲೂ ಪ್ರಾಕ್ಟೀಸ್ ತಪ್ಪುತ್ತಿರಲಿಲ್ಲ. ಗುಡುಗಿದರೆ ಮಾತ್ರ ಮೇಲೆ ಬನ್ನಿ ಅನ್ನುತ್ತಿದ್ದರು. ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತ ಸರ್, ನೀರಲ್ಲಿ ನಾವು. ಮಳೆಯಲ್ಲಿ ಹ್ಯಾಗೆ ಅಂತ ನಾನು ಗೊಣಗಿದರೆ, "ನೀರೊಳಗೆ ಇದ್ರೆ ಮಳೆ ಇಲ್ಲ ಮಾರಾಯ್ತಿ, ಇಳಿ" ಅನ್ನುತ್ತಿದ್ದಳು ಅಕ್ಕ. ಒಂದು ಬೆಳಿಗ್ಗೆಗೆ ಮೂರು ಸಾವಿರ ಮೀಟರ್. ಕ್ಲೋರಿನ್‌ಗೆ ಅವಳ ಕೂದಲು ತೆಂಗಿನ ನಾರಿನ ಹಾಗಾಗಿತ್ತು. ರಜೆಗೆ ಹೋದಾಗಲೆಲ್ಲ ಅವಳ ಅಮ್ಮ ಅದನ್ನು ನೋಡಿ ಅಳುವುದೊಂದು ಬಾಕಿ.

ಸ್ಪರ್ಧೆಗೆ ಹತ್ತು ದಿನ ಇರುವಾಗ ಸರ್ ಈಜುವ ದೂರ ಕಮ್ಮಿ ಮಾಡಿಸಿದರು. ಇದಕ್ಕೆ ಟೇಪರ್ ಅನ್ನುತ್ತಾರೆ. ತಿಂಗಳುಗಟ್ಟಲೆ ದಣಿಸಿದ ಮೈಗೆ ಸುಧಾರಿಸಿಕೊಳ್ಳಲು ಬಿಟ್ಟು, ಆ ದಿನಕ್ಕೆ ಸರಿಯಾಗಿ ಹೊಸ ಬಲ ಬರುವ ಹಾಗೆ ಮಾಡುವುದು. ಅಕ್ಕನಿಗೆ ಅದೇ ಹಿಂಸೆ. ಕೆಲಸ ಕಮ್ಮಿ, ಹಸಿವು ಮಾತ್ರ ಅಷ್ಟೇ. ಹಾಸ್ಟೆಲಿನ ಉಪ್ಪಿಟ್ಟನ್ನು ಮೂರು ಸಲ ಹಾಕಿಸಿಕೊಂಡು ತಿಂದು, "ಮೈಯೆಲ್ಲ ತುರಿಸಿದ ಹಾಗಾಗ್ತದೆ, ಇವತ್ತು ಪೂರ್ತಿ ಈಜಿಬಿಡ್ಲಾ?" ಅಂತ ಕೇಳುತ್ತಿದ್ದಳು.

ಆ ಸಲ ಭೂಮಿ ಹುಣ್ಣಿಮೆ ಬಂದದ್ದು ಸ್ಪರ್ಧೆಗೆ ಎರಡು ದಿನ ಮೊದಲು. ಮಲೆನಾಡಿನವರಿಗೆ ಗೊತ್ತು, ದೀಪಾವಳಿಗೆ ಬೇಕಾದರೆ ಊರಿಗೆ ಹೋಗದೆ ಇರಬಹುದು, ಭೂಮಿ ಹುಣ್ಣಿಮೆಗೆ ಆಗುವುದಿಲ್ಲ. ಬಸುರಿ ಗದ್ದೆಗೆ ಬಯಕೆಯೂಟ ಬಡಿಸುವ ಹಬ್ಬ. ಅಕ್ಕ ಮೊದಲ ಸಲ ಹೋಗಲಿಲ್ಲ. ಅವಳ ಅಮ್ಮ ಸಿಟ್ಟು ಮಾಡಿಕೊಂಡರೂ ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸ್ಟೀಲ್ ಡಬ್ಬಿ ತುಂಬ ಕಡುಬು ಕಳಿಸಿದ್ದರು. ಅದನ್ನು ಇಸಿದುಕೊಳ್ಳಲು ನಾವಿಬ್ಬರೂ ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ಬಸ್ಸು ತಡ. ಬೆಂಚಿನ ಮೇಲೆ ಕೂತಾಗ ನಾನು ಕೇಳಿದೆ, ಅಷ್ಟು ದೂರ ಈಜುವಾಗ ತಲೆಯಲ್ಲಿ ಏನು ಓಡುತ್ತದೆ ಅಂತ.

"ಬಸ್ಸು" ಅಂದಳು.

ತಮಾಷೆ ಅಂದುಕೊಂಡೆ. ಅಲ್ಲ. ಅವಳಿಗೆ ನಂಬರ್ ಎಣಿಸಿದರೆ ತಪ್ಪುತ್ತದಂತೆ. ಅದಕ್ಕೆ ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಹದಿನಾರು ಸ್ಟಾಪು ಮಾಡಿಕೊಂಡಿದ್ದಾಳೆ. ಆಚೆ ತುದಿ ಮುಟ್ಟಿದಾಗ ಒಂದೊಂದು ಸ್ಟಾಪು. ಮೊದಲಿಗೆ ತೂದೂರು ಸುತ್ತಮುತ್ತ, ಆಗ ಇನ್ನೂ ಉಸಿರು ಹದದಲ್ಲಿರುತ್ತದೆ. ಕಾರ್ಡು 17 ಬಂದರೆ ಮಂಡಗದ್ದೆ. ಅರ್ಧ ದಾರಿ. ಬಸ್ಸಿನ ಕಿಟಕಿಯಿಂದ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಕಾಣುವ ಜಾಗ. "ಅಲ್ಲಿ ಎಲ್ರಿಗೂ ನಿದ್ದೆ ಬರ್ತದಲ್ಲ, ನಂಗೂ ಅಲ್ಲೇ ಕೈ ಸೋಲೋದು." ಕಾರ್ಡು 9 ಸಕ್ರೆಬೈಲು, ಆನೆ ಬಿಡಾರ. 7 ಗಾಜನೂರು, ತುಂಗೆಯ ಅಣೆಕಟ್ಟು. ಗಾಜನೂರು ದಾಟಿತು ಅಂದರೆ ಜನ ಎದ್ದು ಬ್ಯಾಗು ಇಳಿಸಿಕೊಳ್ಳಲು ಶುರು ಮಾಡುತ್ತಾರೆ. ಅಲ್ಲಿಂದ ಅವಳೂ ಜೋರು ಹಾಕುವುದು. ನಡುವೆ ಹೆಸರೇ ಇಲ್ಲದ ಸ್ಟಾಪುಗಳೂ ಇವೆ, "ಒಂದು ಹಲಸಿನ ಮರ, ಒಂದು ಹಾಲಿನ ಡೇರಿ" ಹೀಗೆ.

ಸ್ಪರ್ಧೆಯ ದಿನ ಬೆಳಿಗ್ಗೆ ರಿಲೇ ಆಯಿತು. ನಾಲ್ಕು ಜನ ಬೇಕಲ್ಲ, ಅದಕ್ಕೆ ನಾನೂ ಇದ್ದೆ. ಮೂರು ತಂಡದಲ್ಲಿ ಮೂರನೆಯವರು. ಕಂಚು ಕಂಚೇ, ಬಿಡಿ.

800 ಮೀಟರಿಗೆ ಹೆಸರು ಕೊಟ್ಟವರು ನಾಲ್ಕು ಜನ, ಬಂದವರು ಮೂರು. ನಡುವಿನ ಲೇನಿನಲ್ಲಿ ಬೇರೆ ಕಾಲೇಜಿನ ಮೊದಲ ವರ್ಷದ ಹುಡುಗಿ, ಚಿಕ್ಕಂದಿನಿಂದ ಕೋಚಿಂಗ್ ತೆಗೆದುಕೊಂಡವಳು. ಅವಳು ಬ್ಲಾಕ್ ಮೇಲೆ ಹತ್ತಿ ನಿಂತ ರೀತಿಯಲ್ಲೇ ಮೊದಲ ಸ್ಥಾನ ಯಾರದು ಅಂತ ಎಲ್ಲರಿಗೂ ಗೊತ್ತಾಯಿತು. ಅಕ್ಕ ಟೋಪಿಯೊಳಗೆ ಕೂದಲು ತುರುಕಿಕೊಂಡು, ಒಂದು ಸಲ ನನ್ನ ಕಡೆ ನೋಡಿ ಕೈಯಲ್ಲಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಹಾಗೆ ಮಾಡಿದಳು. ಸೀಟಿ. ನೀರು.

ಮೊದಲ ಅರ್ಧ ನಾನು ಚೆನ್ನಾಗೇ ಮಾಡಿದೆ. 31, 29, 27. ಕಾರ್ಡು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಹೆಬ್ಬೆರಳಿನ ಉಗುರಿನಲ್ಲಿ ಬಿಡಿಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಅವಳ ಮುಖ ಕಾರ್ಡಿನ ಕೆಳಗೆ ಬಂದು, ಮಗುಚಿ, ಎರಡು ಅಂಗಾಲು ಗೋಡೆಗೆ ಬಡಿದು ಮಾಯವಾಗುತ್ತಿತ್ತು. ಆ ಅಂಗಾಲು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಮಂಡಗದ್ದೆಯಲ್ಲಿ ಕೈ ಸೋತ ಹಾಗೆ ನನಗೆ ಕಾಣಲಿಲ್ಲ. ಸರ್ ಕಟ್ಟೆ ಉದ್ದಕ್ಕೂ ವಾಚು ಹಿಡಿದು ನಡೆಯುತ್ತಾ "ನಲವತ್ತೈದು, ಸರಿ, ನಲವತ್ತೈದು" ಅಂತಿದ್ದರು. ಸಕ್ರೆಬೈಲು ಆಯಿತು. ಗಾಜನೂರು ಆಯಿತು, 7 ತೋರಿಸಿದೆ.

ಆಗ ಆ ತುದಿಯಲ್ಲಿ ಗಂಟೆ ಹೊಡೆಯಿತು.

800 ಮತ್ತು 1500 ಮೀಟರಿನಲ್ಲಿ ಇನ್ನು ಎರಡು ಉದ್ದ, ಐದು ಮೀಟರ್ ಬಾಕಿ ಇರುವಾಗ ಗಂಟೆ ಹೊಡೆದು ಎಚ್ಚರಿಸುತ್ತಾರೆ. ಹೊಡೆದದ್ದು ಆ ಮೊದಲ ವರ್ಷದ ಹುಡುಗಿಗೆ. ಜನರೆಲ್ಲ ಎದ್ದು ಕೂಗತೊಡಗಿದರು. ನಾನೂ ನೋಡಿದೆ. ಎಷ್ಟು ಚೆಂದ ಈಜುತ್ತಿದ್ದಳು ಅಂದರೆ, ನೀರು ಅವಳಿಗೆ ದಾರಿ ಬಿಟ್ಟ ಹಾಗಿತ್ತು. ನೋಡುತ್ತಾ ಕೂತೆ. ಕಾರ್ಡು ಬದಲಿಸುವುದು ಮರೆತೆ. ಅಕ್ಕ ಬಂದಳು, ನಾನು ಗಡಿಬಿಡಿಯಲ್ಲಿ ಕೈ ಚಾಚಿದೆ. ಕೈಯಲ್ಲಿ ಇದ್ದದ್ದು ಅದೇ 7.

ಗೋಡೆಗೆ ಎರಡು ಕೈ ದೂರದಲ್ಲಿ ಅವಳು ತಲೆ ಎತ್ತಿದಳು. ಸುಮ್ನೆ ಒಂದು ಕ್ಷಣ. ಹೊಳೆಯಲ್ಲಿ ಎತ್ತುವ ಹಾಗೆ, ಎದುರಿಗೆ ಏನೋ ತೇಲಿಬಂದ ಹಾಗೆ. ಸೊಂಟ ಇಳಿಯಿತು, ಮಗುಚುವುದು ತಡವಾಯಿತು, ಅಂಗಾಲು ಗೋಡೆಗೆ ಸರಿಯಾಗಿ ಸಿಗಲಿಲ್ಲ. ಆಮೇಲೆ ಹೋದಳು. ಮುಂದಿನ ಸಲ ನಾನು 3 ತೋರಿಸಿದೆ. ಅವಳು ಕಾರ್ಡಿನ ಕಡೆ ನೋಡಲೇ ಇಲ್ಲ.

ಅವಳ ಲೇನಿಗೆ ವಾಚು ಹಿಡಿದವರು ಇಬ್ಬರು. ಒಂದರಲ್ಲಿ 11:59.8. ಇನ್ನೊಂದರಲ್ಲಿ 12:00.6. ಮೂರು ವಾಚಿದ್ದರೆ ನಡುವಿನದನ್ನು ಹಿಡಿಯುತ್ತಾರೆ, ಎರಡೇ ಇದ್ದರೆ ಸರಾಸರಿ. ಟೇಬಲ್ ಹತ್ತಿರ ಕೂತವರು ಪೆನ್ನಿನಲ್ಲಿ ಕೂಡಿಸಿ, ಭಾಗಿಸಿ ಬರೆದರು: 12:00.20. ಎರಡನೇ ಸ್ಥಾನ. ಸರ್ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ಅಕ್ಕ ಕೊಳದ ಏಣಿ ಹಿಡಿದು ಮೇಲೆ ಬರಲಾರದೆ ಹಾಗೇ ನಿಂತಿದ್ದಳು, ನಾನು ಟವೆಲ್ ಹಿಡಿದು ಹೋದೆ. "ಎಷ್ಟಂತೆ?" ಅಂದಳು. ಹೇಳಿದೆ. "ಸರಾಸರಿ ಅಲ್ವಾ" ಅಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ಸರ್ ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಎಂಕಾಂ ಸೇರು, ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ 25 ವರ್ಷದವರೆಗೂ ಅವಕಾಶ ಇದೆ ಅಂದರಂತೆ. ಅವಳು ಅಪ್ಪನ ಮೊಣಕಾಲು ನೋವು, ಅಣ್ಣ ಬೆಂಗಳೂರಿನಲ್ಲಿರುವುದು, ತೋಟದ ಕೆಲಸ ಎಲ್ಲ ಹೇಳಿದಳಂತೆ. ಬೇಡ ಅಂತ ನೇರವಾಗಿ ಹೇಳಲಿಲ್ಲ. ನಮ್ಮ ಕಡೆ ಬೇಡ ಅನ್ನುವುದು ಹಾಗೇ.

ಸಂಜೆ ಅವಳನ್ನು ಬಸ್ ಹತ್ತಿಸಲು ಹೋದೆ. ಅಡಿಕೆ ಕೊಯ್ಲು ಶುರುವಾಗುವುದಿತ್ತು, ಒಂದು ವಾರ ಇದ್ದು ಬರುತ್ತೇನೆ ಅಂದಿದ್ದಳು. ಡಬ್ಬಿ ತೊಳೆದು ತಂದಿದ್ದೆ. ಅವಳು ಮೆಡಲನ್ನು ಅದರೊಳಗೆ ಹಾಕಿ ಮುಚ್ಚಳ ಒತ್ತಿದಳು. ನಾನು ಬೆಳಿಗ್ಗೆಯಿಂದ ಹೇಳಬೇಕು ಅಂತ ಇಟ್ಟುಕೊಂಡಿದ್ದ ಮಾತು ಗಂಟಲಲ್ಲೇ ಇತ್ತು. ಕಿಟಕಿಯ ಕೆಳಗೆ ನಿಂತು "ಅಕ್ಕಾ, ಅದು..." ಅಂದೆ.

"ಗಾಜನೂರಲ್ಲಿ ಎರಡು ಸಲ ನಿಲ್ಸಿದ್ದೀಯಲ್ಲೇ ಮಾರಾಯ್ತಿ" ಅಂದಳು. "ಕಂಡಕ್ಟರ್ ಹೊಸಬ ಅಂದ್ಕೊಂಡೆ."

ಬಸ್ಸು ಹೊರಟಿತು.

ಸೋಮವಾರ ಬೆಳಿಗ್ಗೆ ಐದೂವರೆಗೆ ಕೊಳಕ್ಕೆ ಹೋದಾಗ ಸರ್ ನನ್ನನ್ನು ಅಕ್ಕನ ಲೇನಿಗೆ ಹಾಕಿದರು. 800 ಈಜು ಅಂದರು. ನನಗೆ ನೂರೇ ಕಷ್ಟ ಸರ್ ಅಂದೆ. ನಿಧಾನ ಈಜು, ಯಾರು ಓಡಿಸ್ತಾರೆ ನಿನ್ನ ಅಂದರು. ಕಾರ್ಡು ಹಿಡಿಯುವವರು ಯಾರೂ ಇರಲಿಲ್ಲ. ನಾನೂ ಸ್ಟಾಪು ಎಣಿಸೋಣ ಅಂದುಕೊಂಡೆ. ಆದರೆ ನಮ್ಮ ಮನೆ ಇರುವುದು ದುರ್ಗಿಗುಡಿಯಲ್ಲಿ. ಅಲ್ಲಿಂದ ಕಾಲೇಜಿಗೆ ಎಣಿಸುವಂಥದ್ದು ಏನಿದೆ? ಒಂದು ಬೇಕರಿ, ಒಂದು ಮೆಡಿಕಲ್ ಶಾಪು, ಸಿಗ್ನಲ್ಲು, ಮುಗಿಯಿತು. ಹಾಗಾಗಿ ಅವಳ ದಾರಿಯನ್ನೇ ಹಿಡಿದೆ. ತೂದೂರು ನೆನಪಿತ್ತು. ಆಮೇಲೆ ಹಲಸಿನ ಮರ ಮೊದಲೋ ಹಾಲಿನ ಡೇರಿ ಮೊದಲೋ ಗೊತ್ತಾಗಲಿಲ್ಲ. ಮಂಡಗದ್ದೆ ಬಂತೋ ಇಲ್ಲವೋ ಅದೂ ಗೊತ್ತಾಗಲಿಲ್ಲ, ಕೈ ಮಾತ್ರ ಸೋತಿತ್ತು. ಸರ್ ಸೀಟಿ ಊದುವವರೆಗೂ ಹಾಗೇ ಈಜುತ್ತಾ ಹೋದೆ.