ಅತ್ತೆ ಕೇಳಿದ ಒಂದು ಡಬ್ಬಿ ಹಬೆ

ಭಾನುವಾರ ಬೆಳಿಗ್ಗೆ ಆರಕ್ಕೇ ಶಿವಮೊಗ್ಗದಿಂದ ಅತ್ತೆ ಫೋನು. ಅಲ್ಲಿ ಸಂಜೆ ಕಾಫಿ ಹೊತ್ತು, ನನಗಿಲ್ಲಿ ಕಣ್ಣೇ ಬಿಟ್ಟಿಲ್ಲ. "ಏನೋ, ನಿಮ್ಮೂರಲ್ಲಿ ಹಬೆ ತಗೊಂಡ್ರೆ ಶ್ವಾಸಕೋಶದ ಕ್ಯಾನ್ಸರ್ ಹೋಗುತ್ತಂತೆ? ಮಾವಂಗೆ ಒಂದು ಡಬ್ಬಿ ಕಳಿಸಕ್ಕಾಗುತ್ತಾ?" ಮಾವನಿಗೆ ಮೂರನೇ ಕೀಮೋ ಈಗಷ್ಟೇ ಮುಗಿದಿದೆ.

ಅತ್ತೆಗೆ ಬಂದ ವಾಟ್ಸಾಪ್ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ರಿಸ್ಟಲ್ ಬಯೋಟೆಕ್ ಅಂತ ಒಂದು ಕಂಪನಿ ಇದೆ. ಅವರ ಕೆಬಿ707 ಅನ್ನೋ ಔಷಧಿಯನ್ನು ನೆಬ್ಯುಲೈಸರ್‌ನಲ್ಲಿ ಕೊಡುತ್ತಾರೆ. ಮಕ್ಕಳಿಗೆ ಉಬ್ಬಸ ಬಂದಾಗ ಕ್ಲಿನಿಕ್ಕಿನಲ್ಲಿ ಗುರ್ರ್ ಅನ್ನೋ ಮೆಷಿನ್ ಹಾಕಿ, ಮೂಗು ಬಾಯಿಗೆ ಪ್ಲಾಸ್ಟಿಕ್ ಮಾಸ್ಕ್ ಒತ್ತಿ ಹಿಡಿಯುತ್ತಾರಲ್ಲ, ಆ ಜಾತಿಯದ್ದೇ.

ಒಳಗಿರೋದು ಮಾತ್ರ ವೈರಸ್. ತುಟಿ ಅಂಚಿನಲ್ಲಿ ನೀರುಗುಳ್ಳೆ ಏಳಿಸುತ್ತಲ್ಲ, ಅದೇ ಹರ್ಪಿಸ್. ಅದು ಮೈಯಲ್ಲಿ ಮರಿ ಹಾಕದ ಹಾಗೆ ಮಾಡಿ, ಐಎಲ್-2 ಮತ್ತು ಐಎಲ್-12 ಅನ್ನೋ ಎರಡು ಪ್ರೋಟೀನಿನ ಜೀನ್ ಅದರೊಳಗೆ ತುಂಬಿದ್ದಾರೆ. ಶ್ವಾಸಕೋಶವೇ ಆ ಪ್ರೋಟೀನ್ ತಯಾರಿಸಿ, ಮೈಯ ರೋಗನಿರೋಧಕ ಪಡೆಯನ್ನು ಗಡ್ಡೆಯ ಮೇಲೆ ಎಬ್ಬಿಸಬೇಕು ಅನ್ನೋದು ಲೆಕ್ಕ.

ಸುಮ್ನೆ ಇಂಜೆಕ್ಷನ್ ಕೊಟ್ಟರಾಗದಾ? 1990ರ ದಶಕದಲ್ಲಿ ಐಎಲ್-12 ಅನ್ನು ರಕ್ತನಾಳಕ್ಕೆ ಕೊಟ್ಟು ನೋಡಿದ್ದರು. ಮೂತ್ರಪಿಂಡದ ಕ್ಯಾನ್ಸರ್ ಇದ್ದ 17 ಜನರಲ್ಲಿ ಇಬ್ಬರು ತೀರಿಕೊಂಡರು. ಮೈತುಂಬಾ ಹರಡಿದರೆ ಅದು ವಿಷ. ಅದಕ್ಕೇ ಗಡ್ಡೆ ಇರುವ ಕಡೆಗೇ, ಉಸಿರಿನ ದಾರಿಯಲ್ಲೇ ಕಳಿಸುವ ಯೋಚನೆ.

2024ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುವಾಯಿತು. ಆ ವರ್ಷದ ಕೊನೆಗೆ ಕಂಪನಿ ಹೇಳಿದ್ದು, ಬೇರೆ ಚಿಕಿತ್ಸೆಗಳಾದ ಮೇಲೂ ಕಾಯಿಲೆ ಮುಂದುವರಿದಿದ್ದ 11 ಜನರಲ್ಲಿ 3 ಜನಕ್ಕೆ ಗಡ್ಡೆ ಕುಗ್ಗಿದೆ ಅಂತ. ಹನ್ನೊಂದು ಅಂದರೆ ನಮ್ಮ ಮನೆ ಊಟದ ಪಂಕ್ತಿಗಿಂತ ಕಡಿಮೆ! ಆದರೂ ನಾನು ನಕ್ಕು ಬಿಟ್ಟುಬಿಡಲ್ಲ. ಇದೇ ಕಂಪನಿ ಇದೇ ವೈರಸ್ಸಿನೊಳಗೆ ಬೇರೆ ಜೀನ್ ತುಂಬಿ, ಜೆಲ್ ಮಾಡಿ, ಮುಟ್ಟಿದರೆ ಚರ್ಮ ಕಿತ್ತು ಬರುವ ಹುಟ್ಟು ಕಾಯಿಲೆಗೆ ಹಚ್ಚುವ ಔಷಧಿ ತಂದಿದೆ. ಅದಕ್ಕೆ 2023ರ ಮೇನಲ್ಲೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ.

ಇಷ್ಟೆಲ್ಲಾ ಹೇಳಿದೆ. "ಅಂದ್ರೆ ಕಳಿಸಕ್ಕಾಗಲ್ಲ ಅನ್ನು," ಅಂದರು ಅತ್ತೆ. ಆಗಲ್ಲ ಅತ್ತೆ, ಇನ್ನೂ ಪರೀಕ್ಷೆಯಲ್ಲಿದೆ, ಅಂಗಡಿಯಲ್ಲಿ ಸಿಗಲ್ಲ, ಕೀಮೋ ಮಾತ್ರ ತಪ್ಪಿಸಬೇಡಿ ಅಂದೆ.

ಸ್ಪೀಕರ್ ಹಾಕಿದ್ದರು ಅಂತ ಕಾಣುತ್ತೆ. ಕೆಮ್ಮು ಕೇಳಿಸಿತು, ಆಮೇಲೆ ಮಾವನ ದನಿ: "ಅಲ್ಲ ಮಾರಾಯ, ಆ ವೈರಸ್ ಎಳ್ಕೊಂಡ್ರೆ ಒಳಗೆಲ್ಲ ಗುಳ್ಳೆ ಏಳಲ್ವಾ?"