ಗೆರೆ ಸರಿಯಾಗಿ ಕೂತಿತು, ಮಾಡೆಲ್ ಮಾತ್ರ ತಪ್ಪು

ಮೂರು ವಾರ ಕೂತು ಕಟ್ಟಿದ ವೆಟ್ ಗ್ರಾನ್ಯುಲೇಶನ್‌ನ ಗಣಿತದ ಮಾಡೆಲ್ ಒಂದೇ ಮಧ್ಯಾಹ್ನದಲ್ಲಿ ಮಕಾಡೆ ಮಲಗಿತು. ಮಿಕ್ಸರ್‌ನ ಬ್ಲೇಡ್ ವೇಗ ಸ್ವಲ್ಪ ಏರಿಸಿದೆ, ಅಷ್ಟೇ.

ಗೊತ್ತಿಲ್ಲದವರಿಗೆ: ವೆಟ್ ಗ್ರಾನ್ಯುಲೇಶನ್ ಅಂದರೆ ನುಣ್ಣನೆಯ ಪುಡಿಗೆ ಬೈಂಡರ್ (ಅಂಟಿಸುವ) ದ್ರವ ಸಿಂಪಡಿಸಿ, ತಿರುಗಿಸುತ್ತಾ ಸಣ್ಣ ಉಂಡೆ ಕಟ್ಟಿಸುವುದು. ಮಾತ್ರೆ, ಗೊಬ್ಬರ, ಡಿಟರ್ಜೆಂಟ್ ಮಾಡುವಲ್ಲೆಲ್ಲ ಇದಿದೆ. ಬರೀ ಪುಡಿ ಸರಾಗ ಹರಿಯಲ್ಲ, ಧೂಳೂ ಏಳುತ್ತದೆ. ಇದನ್ನು ಲೆಕ್ಕಕ್ಕಿಳಿಸಲು ಹೆಚ್ಚಿನವರು ಪಾಪ್ಯುಲೇಶನ್ ಬ್ಯಾಲೆನ್ಸ್ ಹಿಡಿಯುತ್ತಾರೆ. ಒಂಥರಾ ಉಂಡೆಗಳ ಜನಗಣತಿ. ಯಾವ ಗಾತ್ರದವು ಎಷ್ಟಿವೆ, ಎರಡು ಅಂಟಿ ಎಷ್ಟು ಹೊಸವು ಹುಟ್ಟಿದವು, ಎಷ್ಟು ಒಡೆದವು ಅಂತ. ಅಂಟುವ ಭಾಗದ ಬೇರು 1916ರಲ್ಲಿ ಭೌತವಿಜ್ಞಾನಿ ಸ್ಮೊಲುಕೋವ್ಸ್ಕಿ ಬರೆದ ಸಮೀಕರಣದಲ್ಲಿದೆ. ಪುಡಿಗೆ ಅದನ್ನು ತಂದಾಗ ಎಲ್ಲ ಗುಟ್ಟೂ 'ಕರ್ನಲ್' ಒಳಗೆ ಅಡಗುತ್ತದೆ, ಅಂದರೆ ಯಾವ ಗಾತ್ರದ ಎರಡು ಉಂಡೆ ಎಷ್ಟು ಬೇಗ ಅಂಟುತ್ತವೆ ಅನ್ನುವ ಸೂತ್ರದೊಳಗೆ.

ನಾನು ಮಾಡಿದ್ದೇನು? ಕೊನೆಯಲ್ಲಿ ಉಂಡೆಗಳನ್ನು ಜರಡಿ ಹಿಡಿದಾಗ ಸಿಕ್ಕ ಗಾತ್ರದ ಅಂಕಿಗಳನ್ನಿಟ್ಟುಕೊಂಡು ಅಂಟುವ ವೇಗ, ಒಡೆಯುವ ವೇಗ ಎರಡನ್ನೂ ಒಟ್ಟಿಗೆ ಹೊಂದಿಸಿದೆ. ಗೆರೆ ಚುಕ್ಕಿಗಳ ಮೇಲೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಆವತ್ತೇ ಅನುಮಾನ ಬರಬೇಕಿತ್ತು. ಗಾತ್ರಗಳು ಬದಲಾಗದೆ ನಿಂತ ಸ್ಥಿತಿಯಲ್ಲಿ ಎರಡೂ ವೇಗವನ್ನು ದುಪ್ಪಟ್ಟು ಮಾಡಿದರೂ ಅದೇ ಉತ್ತರ ಬರುತ್ತದೆ! ಅಲ್ಲಿ ಕಾಣುವುದು ಅವೆರಡರ ಅನುಪಾತ ಮಾತ್ರ. ಹಾಗಾಗಿ ನನಗೆ ಸಿಕ್ಕ ಎರಡು ವೇಗಗಳಿಗೆ ಬಿಡಿಬಿಡಿಯಾಗಿ ಅರ್ಥವೇ ಇರಲಿಲ್ಲ, ಬ್ಲೇಡ್ ವೇಗ ಬದಲಾದಾಗ ಅಂಟುವುದೆಷ್ಟು ಏರಬೇಕು, ಒಡೆಯುವುದೆಷ್ಟು ಏರಬೇಕು ಅಂತ ಪಾಪ ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು?

ಈಗ ಮೊದಲು ಭೌತಶಾಸ್ತ್ರದಿಂದ ಹೊರಡುತ್ತೇನೆ. ಎರಡು ಒದ್ದೆ ಉಂಡೆ ಡಿಕ್ಕಿಯಾದಾಗ ನಡುವಿನ ದ್ರವದ ಪದರ ಹೊಡೆತದ ಶಕ್ತಿಯನ್ನು ನುಂಗಬೇಕು, ಇಲ್ಲವಾದರೆ ಎರಡೂ ಪುಟಿದು ದೂರ ಹೋಗುತ್ತವೆ. ಎನ್ನಿಸ್, ಟಾರ್ಡೋಸ್, ಫೆಫರ್ ಎಂಬ ಸಂಶೋಧಕರು 1991ರಲ್ಲಿ ಇದನ್ನು ಸ್ಟೋಕ್ಸ್ ಸಂಖ್ಯೆಯಲ್ಲಿ ಹಿಡಿದರು. ಅದೊಂದು ಭಿನ್ನರಾಶಿ: ಉಂಡೆಯ ಸಾಂದ್ರತೆ, ಗಾತ್ರ, ಡಿಕ್ಕಿಯ ವೇಗ ಮೇಲೆ, ದ್ರವದ ಸ್ನಿಗ್ಧತೆ ಕೆಳಗೆ. ಈ ಸಂಖ್ಯೆ ಒಂದು ಮಿತಿ ದಾಟಿದರೆ ಅಂಟಲ್ಲ. ಉಂಡೆ ದೊಡ್ಡದಾದಷ್ಟೂ ಸಂಖ್ಯೆ ಏರುತ್ತದೆ, ಅಂದರೆ ಒಂದು ಹಂತದಲ್ಲಿ ಬೆಳವಣಿಗೆ ತಾನಾಗಿಯೇ ನಿಲ್ಲುತ್ತದೆ. ಎಲ್ಲ ಗಾತ್ರಕ್ಕೂ ಒಂದೇ ಕರ್ನಲ್ ಕೊಟ್ಟರೆ ಇದು ಎಲ್ಲಿಂದ ಬರಬೇಕು!

ಸಿಂಪಡಿಸುವ ಹಂತವನ್ನಂತೂ ಸುಮ್ನೆ ಬಿಟ್ಟಿದ್ದೆ. ಹನಿಗಳು ಒಂದರ ಮೇಲೊಂದು ಬಿದ್ದರೆ ಶುರುವಿನಲ್ಲೇ ದಪ್ಪ ಗಂಟು. ಇದಕ್ಕೆ 'ಸ್ಪ್ರೇ ಫ್ಲಕ್ಸ್' ಅನ್ನುವ ಅಳತೆಯಿದೆ. ಅದು 0.1 ಇದ್ದರೆ ಪುಡಿ ಸ್ಪ್ರೇ ಕೆಳಗೆ ಒಮ್ಮೆ ಹಾದುಹೋಗುವಾಗ ಅದರ ಮೇಲ್ಮೈಯ ಸುಮಾರು 10 ಶೇಕಡಾ ಒದ್ದೆ, ಹನಿಗಳು ಬಿಡಿಬಿಡಿ. 1 ಆದರೆ 63 ಶೇಕಡಾ, ಆಗ ಹನಿಗಳು ಜಾಸ್ತಿ ಒಂದಕ್ಕೊಂದು ಸೇರುತ್ತವೆ.

ಪ್ರತಿ ಕಣವನ್ನೂ ಬಿಡಿಯಾಗಿ ಸಿಮ್ಯುಲೇಟ್ ಮಾಡಬಾರದೇಕೆ ಅಂತ ಗೆಳೆಯ ಕೇಳಿದ. ಒಂದು ಲೀಟರ್ ಪುಡಿಯಲ್ಲಿ 100 ಮೈಕ್ರಾನ್ ಕಣಗಳು ಸುಮಾರು ನೂರು ಕೋಟಿ ಇರುತ್ತವೆ ಮಾರಾಯ. ಅಂಥ ಸಿಮ್ಯುಲೇಶನ್ ಅನ್ನು ಮಿಕ್ಸರ್‌ನ ಒಂದು ಸಣ್ಣ ಮೂಲೆಗಷ್ಟೇ ನಡೆಸಿ, ಡಿಕ್ಕಿಯ ವೇಗ ಮಾತ್ರ ಎತ್ತಿಕೊಂಡು ಕರ್ನಲ್‌ಗೆ ಕೊಡಬಹುದು.

ಅಂಟುವ, ಒಡೆಯುವ ವೇಗಗಳನ್ನು ಬೇರ್ಪಡಿಸಲು ಸದ್ಯಕ್ಕೆ ಉಂಡೆಗಳಲ್ಲಿ ಅರ್ಧದಷ್ಟಕ್ಕೆ ಬಣ್ಣ ಹಾಕಿ ಬಿಳಿಯವುಗಳ ಜೊತೆ ತಿರುಗಿಸುತ್ತಿದ್ದೇನೆ. ಗಾತ್ರ ಬದಲಾಗದೆ ಬಣ್ಣ ಮಾತ್ರ ಹರಡಿದರೆ ಒಳಗೆ ಒಡೆದು ಮತ್ತೆ ಅಂಟುವುದು ನಡೀತಿದೆ ಅಂತ. ಮೊದಲ ಬ್ಯಾಚ್ ಐದು ನಿಮಿಷಕ್ಕೇ ಪೂರ್ತಿ ತಿಳಿಗುಲಾಬಿ.